ನೂರು ಡಿಗ್ರಿ ಐಪೀಸ್, ಬಕೆಟ್ ಮುಚ್ಚಳ

“ನಿಧಾನ ಕಣೆ, ನಿಧಾನ. ಅದು ಟೆಲಿಸ್ಕೋಪು, ಮೂಟೆ ಅಲ್ಲ,” ಎಂದರು ದೊಡ್ಡಪ್ಪ, ಮೇಲಿನ ಮೆಟ್ಟಿಲಿನಿಂದ.

“ನನ್ನ ಕಡೆ ನಿಧಾನವಾಗೇ ಬರ್ತಿದೆ. ನಿಮ್ಮ ಕಡೇದೇ ಓಡ್ತಿರೋದು,” ಎಂದಳು ಮೈಕು, ಕೆಳಗಿನ ಮೆಟ್ಟಿಲಿನಿಂದ.

ಅವಳಿಗೆ ಮೈಕು ಅಂತ ಹೆಸರು ಬಿದ್ದದ್ದು ಸುಮ್ಮನೆ ಅಲ್ಲ. ಐದನೇ ಕ್ಲಾಸಿನ ಕೊನೇ ಬೆಂಚಿನಲ್ಲಿ ಅವಳು ಪಿಸುಗುಟ್ಟಿದರೆ, ಪಕ್ಕದ ಬೀದಿಯ ಶಾಲೆಯ ಹೆಡ್‌ಮೇಷ್ಟ್ರು ಎದ್ದು “ಯಾರದು ಗಲಾಟೆ?” ಅನ್ನುತ್ತಿದ್ದರು. ಸುಳ್ಳು ಅನ್ನಿಸಿದರೆ ಆ ಹೆಡ್‌ಮೇಷ್ಟ್ರನ್ನೇ ಕೇಳಿ. ಅವರಿಗೆ ಈಗ ಕಿವಿ ಸ್ವಲ್ಪ ಮಂದ, ಜೋರಾಗಿ ಕೇಳಿ.

ಇನ್ನು ಆ ಟೆಲಿಸ್ಕೋಪು. ಅಂಥದ್ದು ಭೂಮಿ ಮೇಲೆ ಇನ್ನೊಂದಿಲ್ಲ. ಲಾರಿ ಮೆಕ್ಯಾನಿಕ್ ದೊಡ್ಡಪ್ಪ ಅದನ್ನು ತಮ್ಮ ಗ್ಯಾರೇಜಿನಲ್ಲೇ ಕಟ್ಟಿದ್ದರು. ಒಳಗಿನ ಕನ್ನಡಿಯೊಂದನ್ನು ಬಿಟ್ಟರೆ ಮಿಕ್ಕದ್ದೆಲ್ಲ ಗ್ಯಾರೇಜಿನದೇ ಸಾಮಾನು. ಕೊಳವೆಗೆ ದಪ್ಪ ಪೈಪು, ತಿರುಗುವುದಕ್ಕೆ ಹಳೇ ಬೇರಿಂಗು, ಬಾಯಿಗೆ ಪೇಂಟ್ ಬಕೆಟ್ಟಿನ ಮುಚ್ಚಳ. ಎಷ್ಟು ಗಟ್ಟಿ ಅಂದರೆ, ಆನೆ ಬಂದು ಒರಗಿಕೊಂಡರೆ ಆನೆಗೇ ಬೆನ್ನುನೋವು ಬರಬೇಕು.

ಕೊರತೆ ಒಂದೇ. ಕಣ್ಣಿಟ್ಟು ನೋಡುವ ಐಪೀಸ್. ಕನ್ನಡಿಯ ಜೊತೆ ಪುಕ್ಕಟೆ ಬಂದಿದ್ದ ಐಪೀಸಿನ ತೂತು ಎಷ್ಟು ಚಿಕ್ಕದೆಂದರೆ, ಇರುವೆ ಕೂಡ ತಲೆ ಓರೆ ಮಾಡಿಕೊಂಡೇ ನೋಡಬೇಕಿತ್ತು. ನಕ್ಷತ್ರ ಸಿಕ್ಕಿತು ಅನ್ನುವಷ್ಟರಲ್ಲಿ ಅಂಚು ದಾಟಿ ಜಾರಿಬಿಡುತ್ತಿತ್ತು.

“ಅಗಲವಾಗಿ ಕಾಣೋ ಒಳ್ಳೇ ಐಪೀಸ್ ಒಂದು ತಗೊಳ್ಳೋಣ,” ಎಂದಿದ್ದರು ದೊಡ್ಡಪ್ಪ. “ಒಂದೇ ಒಂದು. ಯಾವುದು ಅಂತ ನೀನೇ ಆರಿಸು.”

ಮೈಕು ಆರಿಸಿಯೂ ಆಗಿತ್ತು, ಇಡೀ ಕ್ಲಾಸಿಗೆ ಸಾರಿಯೂ ಆಗಿತ್ತು. “ಶನಿವಾರ ಸಂಜೆ ಎಲ್ರೂ ನಮ್ಮ ಗ್ಯಾರೇಜಿಗೆ ಬನ್ನಿ. ನೂರು ಡಿಗ್ರಿ ಐಪೀಸ್ ಬರ್ತಿದೆ. ಅದಕ್ಕಿಂತ ದೊಡ್ಡದು ಆ ಅಂಗಡೀಲೇ ಇಲ್ಲ.”

“ನೂರು ಡಿಗ್ರಿ ಅಂದ್ರೆ ಕುದಿಯುತ್ತಾ?” ಎಂದು ಕೇಳಿದ್ದ ಸ್ಕೇಲು. ಉದ್ದಕ್ಕೆ, ತೆಳ್ಳಗೆ ಇದ್ದ ಹುಡುಗ. ಯಾರು ಏನೇ ಕೊಚ್ಚಿಕೊಂಡರೂ ಜೇಬಿನಿಂದ ಸ್ಕೇಲು ತೆಗೆದು ಅಳೆದೇ ನಂಬುತ್ತಿದ್ದ.

“ಕುದಿಯಲ್ವೋ. ಅಷ್ಟು ಅಗಲ ಆಕಾಶ ಒಟ್ಟಿಗೇ ಕಾಣತ್ತೆ.”

“ಸರಿ, ಬರ್ತೀನಿ. ನೂರಕ್ಕೆ ಒಂದು ಕಮ್ಮಿ ಇದ್ರೂ ನೀನು ಮೈಕಲ್ಲ, ಬರೀ ವೈರು.”

ಕ್ಲಾಸೆಲ್ಲ ನಕ್ಕಿತ್ತು. ಹಾಗಾಗಿ ಈಗ ಮೈಕುಗೆ ನೂರು ಡಿಗ್ರಿ ಬೇಕೇ ಬೇಕಿತ್ತು.

ಅಂಗಡಿ ಮಹಡಿಯ ಮೇಲಿತ್ತು. ಮುಂದಿನ ಕೋಣೆಯಲ್ಲಿ ಕನ್ನಡಕ, ಹಿಂದಿನ ಕೋಣೆಯಲ್ಲಿ ದುರ್ಬೀನು, ಅದರಾಚೆ ಬಾಲ್ಕನಿ. ಅಂಗಡಿಯಾಕೆ ಯಾವುದನ್ನೂ ನೋಡದೆ ಕೊಳ್ಳಲು ಬಿಡುತ್ತಿರಲಿಲ್ಲ. “ನಿಮ್ಮ ಟೆಲಿಸ್ಕೋಪು ಇಲ್ಲಿಗೇ ತನ್ನಿ, ನಿಮ್ಮ ಕಣ್ಣಲ್ಲೇ ನೋಡಿ,” ಅನ್ನುವುದು ಅವರ ಪದ್ಧತಿ. ಅದಕ್ಕೇ ಈ ಮೆಟ್ಟಿಲು ಹತ್ತುವ ಸಾಹಸ.

ಸಂಜೆಯ ಬಿಸಿಲು ಇನ್ನೂ ಇತ್ತು. ಎದುರು ಕಟ್ಟಡದ ನೀರಿನ ಟ್ಯಾಂಕಿನ ಮೇಲೆ ಅರ್ಧ ಚಂದ್ರ ಆಗಲೇ ಬಂದು ಕೂತಿದ್ದ.

ಅಂಗಡಿಯಾಕೆ ನೂರು ಡಿಗ್ರಿ ಐಪೀಸನ್ನು ಎರಡೂ ಕೈಯಲ್ಲಿ ತಂದರು, ಮಲಗಿದ ಮಗುವನ್ನು ತರುವ ಹಾಗೆ. ಅದನ್ನು ನೋಡಿದರೆ ಐಪೀಸಿಗೆ ಟೆಲಿಸ್ಕೋಪು ಜೋಡಿಸಬೇಕೋ, ಟೆಲಿಸ್ಕೋಪಿಗೆ ಐಪೀಸ್ ಜೋಡಿಸಬೇಕೋ ಅಂತ ಅನುಮಾನ ಬರುತ್ತಿತ್ತು.

“ಮುಚ್ಚಳ,” ಎಂದರು ದೊಡ್ಡಪ್ಪ.

ಅದು ಗ್ಯಾರೇಜಿನ ಕಾನೂನು. ಎಂಜಿನ್ ಬಿಚ್ಚಿದರೆ ಮೊದಲು ಅದರ ಬಾಯಿಗೆ ಬಟ್ಟೆ ತುರುಕಬೇಕು, ನಟ್ಟು ಒಳಗೆ ಬೀಳಬಾರದು. ಟೆಲಿಸ್ಕೋಪಿಗೂ ಅದೇ. ಸ್ಕ್ರೂ ಮುಟ್ಟುವ ಮುಂಚೆ ಬಕೆಟ್ ಮುಚ್ಚಳ ಹಾಕಬೇಕು, ಕನ್ನಡಿ ಮೇಲೆ ಏನೂ ಬೀಳಬಾರದು. ಮುಚ್ಚಳ ಹಾಕುವುದು, ತೆಗೆಯುವುದು ಮೈಕುವಿನ ಡ್ಯೂಟಿ.

ಹಾಕಿದಳು. ದೊಡ್ಡಪ್ಪ ಐಪೀಸ್ ಕೂರಿಸಿದರು. ತೆಗೆದಳು. ಸ್ಟೂಲು ಹತ್ತಿ ಕಣ್ಣಿಟ್ಟಳು.

ಚಂದ್ರ ನಡುವೆ ತೇಲುತ್ತಿದ್ದ. ಸುತ್ತ ನೀಲಿ, ನೀಲಿ, ಇನ್ನೂ ನೀಲಿ. ಅಂಚು ಹುಡುಕಿಕೊಂಡು ಹೋದ ಅವಳ ಕಣ್ಣು ದಾರಿ ತಪ್ಪಿ, ಊಟದ ಹೊತ್ತಿಗೆ ವಾಪಸ್ ಬಂದರೆ ಪುಣ್ಯ ಅನ್ನುವಷ್ಟು ಅಗಲ.

“ಆಂಟಿ, ಇದೇ. ಪ್ಯಾಕ್ ಮಾಡಿ,” ಎಂದಳು. ಬೀದಿಯಲ್ಲಿ ಹೋಗುತ್ತಿದ್ದವರು ತಲೆಯೆತ್ತಿ ನೋಡಿದರು.

“ತಡಿಯೇ, ಭಾರಕ್ಕೆ ಸ್ವಲ್ಪ ಅಲ್ಲಾಡ್ತಿದೆ. ಮುಚ್ಚಳ ಹಾಕು, ಸ್ಕ್ರೂ ಬಿಗಿ ಮಾಡ್ತೀನಿ.”

ಮೈಕು ಮುಚ್ಚಳ ಹಾಕಿದಳು. ದೊಡ್ಡಪ್ಪ ಸ್ಕ್ರೂ ಬಿಗಿದರು. ಅಷ್ಟರಲ್ಲಿ ಅವಳು ಸ್ಕೇಲುವಿನ ಮುಖ ಹೇಗೆ ಸಣ್ಣಗಾಗುತ್ತದೆ ಅಂತ ಅಂಗಡಿಯಾಕೆಗೆ ನಟಿಸಿ ತೋರಿಸುತ್ತಿದ್ದಳು. “ಈಗ ನೀವು ನೋಡಿ ದೊಡ್ಡಪ್ಪ,” ಎಂದಳು.

ದೊಡ್ಡಪ್ಪ ಬಗ್ಗಿದರು. ಅವರ ದಪ್ಪ ಕನ್ನಡಕ ಐಪೀಸಿಗೆ ಟಿಕ್ ಅಂತ ತಾಗಿತು.

“ಆಹಾ. ಸೂಪರ್.”

“ಚೆನ್ನಾಗಿದೆ ಅಲ್ವಾ? ಏನೇನು ಕಾಣ್ತಿದೆ?”

“ಚಂದ್ರ ಕಣೆ. ಬೆಳ್ಳಗೆ. ಸೂಪರ್.”

ಮೈಕು ಹೆಮ್ಮೆಯಿಂದ ಕೊಳವೆಯ ಕಡೆ ತಿರುಗಿದಳು. ಬಾಯಿಯ ಮೇಲೆ ಬಕೆಟ್ ಮುಚ್ಚಳ ಹಾಗೇ ಇತ್ತು.

ಅಂಗಡಿಯಾಕೆಯೂ ನೋಡಿದರು. ಏನೋ ಹೇಳಲು ಬಾಯಿ ತೆರೆದರು. ಮೈಕು ತುಟಿಯ ಮೇಲೆ ಬೆರಳಿಟ್ಟಳು. ದೊಡ್ಡಪ್ಪನಿಗೆ ಗೊತ್ತಾಗದ ಹಾಗೆ ಮುಚ್ಚಳ ತೆಗೆದು ಬೆನ್ನ ಹಿಂದೆ ಹಿಡಿದುಕೊಂಡಳು.

ಚಂದ್ರನಿಗೆ ಸೂಪರ್. ಹೋದ ತಿಂಗಳು ಶನಿಯ ಉಂಗುರಕ್ಕೂ ಸೂಪರ್. ಅವಳು ಮೊಟ್ಟಮೊದಲು ಹುಡುಕಿದ ಜೋಡಿ ನಕ್ಷತ್ರಕ್ಕೂ ಸೂಪರ್. “ಕಂಡ್ತಾ ದೊಡ್ಡಪ್ಪ?” ಅಂತ ಕೇಳಿದಾಗಲೆಲ್ಲ ಅದೊಂದೇ ಮಾತು. ಆಮೇಲೆ ಅವರು ಬೇರಿಂಗಿಗೆ ಎಣ್ಣೆ ಹಾಕಲು ಹೋಗಿಬಿಡುತ್ತಿದ್ದರು.

ದೊಡ್ಡಪ್ಪ ನೀರು ಕುಡಿಯಲು ಒಳಗೆ ಹೋದರು. ಆಗ ಮೈಕು ಪಿಸುಗುಟ್ಟಿದಳು. ಹುಟ್ಟಿದ ಮೇಲೆ ಮೊದಲನೇ ಸಲ ಅದು ನಿಜವಾದ ಪಿಸುಮಾತಾಗಿತ್ತು.

“ಆಂಟಿ, ಅವರಿಗೆ ಏನೂ ಕಾಣಲ್ವಾ?”

“ಇದಕ್ಕೆ ಕಣ್ಣು ಪೂರ್ತಿ ಹತ್ತಿರ ತರಬೇಕು ಪುಟ್ಟ. ಕನ್ನಡಕ ಹಾಕ್ಕೊಂಡ್ರೆ ಆಗಲ್ಲ, ಬೀಗದ ತೂತಲ್ಲಿ ಇಣುಕಿದ ಹಾಗೆ. ಹಳೇದರಲ್ಲಂತೂ ಬರೀ ಕತ್ತಲೇ ಇದ್ದಿರಬೇಕು.”

“ಕನ್ನಡಕ ತೆಗೆದು ನೋಡಿದ್ರೆ?”

“ಅವರ ಕನ್ನಡಕ ಮಾಡಿಕೊಟ್ಟಿದ್ದು ನಾನೇ. ಅದಿಲ್ಲದಿದ್ರೆ ನಕ್ಷತ್ರ ಚುಕ್ಕಿಯಾಗಿ ಕಾಣಲ್ಲ, ಎಳೆದ ಗೀಟಿನ ಥರ ಕಾಣತ್ತೆ.”

ಮೈಕು ಕೈಯಲ್ಲಿದ್ದ ಮುಚ್ಚಳವನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಕನ್ನಡಕದವರಿಗೆ ಆಗೋದು ಇಲ್ವಾ?”

“ಇದೆ. ಸ್ವಲ್ಪ ದೂರದಿಂದ ನೋಡಿದ್ರೂ ಪೂರ್ತಿ ಕಾಣತ್ತೆ. ಆದ್ರೆ ಎಪ್ಪತ್ತೆರಡು ಡಿಗ್ರಿ.”

ಎಪ್ಪತ್ತೆರಡು. ಮೈಕುವಿನ ಕಿವಿಯೊಳಗೆ ಸ್ಕೇಲು ಎಪ್ಪತ್ತೆರಡು ಸಲ “ವೈರು” ಅಂದ ಹಾಗಾಯಿತು.

“ಹಾಕಿ ನೋಡೋಣ,” ಎಂದಳು.

ದೊಡ್ಡಪ್ಪ ಬಾಯಿ ಒರೆಸಿಕೊಂಡು ಬಂದರು. ಮುಚ್ಚಳ ಹಾಕಿದ್ದಾಯಿತು, ಐಪೀಸ್ ಬದಲಿಸಿದ್ದಾಯಿತು. ಮೈಕು ಮುಚ್ಚಳ ತೆಗೆದು, ತೆಗೆದಿದ್ದೇನೆ ಅಂತ ಎರಡೆರಡು ಸಲ ನೋಡಿಕೊಂಡಳು.

“ನೀನು ನೋಡು ಮೊದಲು.”

“ನೀವೇ ನೋಡಿ.”

ದೊಡ್ಡಪ್ಪ ಬಗ್ಗಿದರು. ಟಿಕ್ ಅನ್ನಲಿಲ್ಲ. ಸೂಪರ್ ಕೂಡ ಅನ್ನಲಿಲ್ಲ. ಕೆಳಗಿನ ಬೀದಿಯಲ್ಲಿ ಬಸ್ಸು ಬಂದು ನಿಂತು, ಜನ ಇಳಿದು, ಬಸ್ಸು ಹೋದರೂ ಅವರು ಅಲ್ಲಾಡಲಿಲ್ಲ.

“ಇದೇನೇ ಇದು,” ಎಂದರು ಕೊನೆಗೆ. “ಇವನ ಅಂಚೆಲ್ಲ ಸವೆದ ಗೇರಿನ ಥರ ಇದೆ. ಹಲ್ಲು ಹಲ್ಲು. ಇಲ್ಲೊಂದು ಗುಂಡಿ. ಗುಂಡಿಯೊಳಗೆ ಇನ್ನೊಂದು ಗುಂಡಿ. ಯಾರೋ ಸುತ್ತಿಗೇಲಿ ಬಡಿದಿದ್ದಾರೆ.”

“ಹೂಂ,” ಎಂದಳು ಮೈಕು.

“ನೀನು ಇದನ್ನೆಲ್ಲ ನೋಡಿದ್ದೀಯಾ?”

“ಹೂಂ.”

‘ನನ್ನ ಸರದಿ’ ಅನ್ನುವ ಮಾತು ಅವಳ ಗಂಟಲಿನವರೆಗೂ ಬಂದಿತ್ತು. ನುಂಗಿಕೊಂಡಳು.

“ಆಂಟಿ, ಇದೇ ಕೊಡಿ.”

ದೊಡ್ಡಪ್ಪ ತಲೆ ಎತ್ತಿದರು. “ಯಾಕೆ? ನಿನ್ನ ನೂರು ಡಿಗ್ರಿ?”

“ಅದರ ಭಾರಕ್ಕೆ ನಿಮ್ಮ ಸ್ಟ್ಯಾಂಡು ತಡೆಯಲ್ಲ.”

“ನನ್ನ ಸ್ಟ್ಯಾಂಡಾ? ಲಾರೀನೇ ಎತ್ತಿ ಕೂರಿಸು, ಕಮಕ್ ಕಿಮಕ್ ಅನ್ನಲ್ಲ!”

“ಅಲ್ಲಾಡ್ತಿತ್ತು, ನೀವೇ ಹೇಳಿದ್ರಿ,” ಎಂದಳು ಮೈಕು. ಅಂಗಡಿಯಾಕೆ ತಲೆ ತಗ್ಗಿಸಿಕೊಂಡು ಪ್ಯಾಕ್ ಮಾಡತೊಡಗಿದರು.

ಶನಿವಾರ ಗ್ಯಾರೇಜಿನ ಅಂಗಳಕ್ಕೆ ಇಡೀ ಕ್ಲಾಸು ಬಂತು. ಸ್ಕೇಲು ಎಲ್ಲರಿಗಿಂತ ಮುಂದಿದ್ದ.

“ಎಷ್ಟು ಡಿಗ್ರಿ?”

“ಎಪ್ಪತ್ತೆರಡು.”

“ಎಪ್ಪತ್ತೆರಡಾ? ಕೇಳಿದ್ರೇನ್ರೋ, ವೈರು!”

ಎಲ್ಲರೂ ನಕ್ಕರು. ಮೈಕುವಿನ ಕಿವಿ ಬಿಸಿಯಾಯಿತು; ಅದರ ಮೇಲೆ ಬಟ್ಟೆ ಇಸ್ತ್ರಿ ಮಾಡಬಹುದಿತ್ತು.

“ವೈರೇ ಸರಿ,” ಎಂದಳು. “ಲೈನಲ್ಲಿ ನಿಂತ್ಕೊಳ್ಳಿ.”

ಲೈನಿನ ಕೊನೆಯಲ್ಲಿ, ಕನ್ನಡಕವನ್ನು ಒರೆಸಿ ಒರೆಸಿ ಸವೆಸುತ್ತ, ದೊಡ್ಡಪ್ಪ ನಿಂತಿದ್ದರು. ತಮ್ಮ ಸರದಿ ಬಂದಾಗ ಒಂದು ನಕ್ಷತ್ರಗಳ ಗುಂಪಿಗೆ ಕಣ್ಣಿಟ್ಟು, “ಬೇರಿಂಗ್ ಒಡೆದು ಗುಂಡೆಲ್ಲ ಚೆಲ್ಲಿಹೋಗಿದೆಯಲ್ಲೋ,” ಎಂದರು. ಪಕ್ಕದಲ್ಲಿದ್ದ ಹುಡುಗರನ್ನೆಲ್ಲ ಹಿಡಿದು ಹಿಡಿದು ಅದನ್ನೇ ಹೇಳಿದರು. ಆಮೇಲೆ ಸುತ್ತು ಹಾಕಿ ಬಂದು ಮತ್ತೆ ಲೈನು ಸೇರಿಕೊಂಡರು.

“ಮೈಕು, ನಿಮ್ಮ ದೊಡ್ಡಪ್ಪ ಮತ್ತೆ ಮತ್ತೆ ಬರ್ತಿದ್ದಾರೆ. ನಿನಗಿನ್ನೂ ಒಂದು ಸಲಾನೂ ಸಿಕ್ಕಿಲ್ಲ,” ಎಂದ ಸ್ಕೇಲು.

“ಇರಲಿ ಬಿಡೋ.”

ಅಷ್ಟು ಮೆಲ್ಲಗೆ ಹೇಳಿದಳು, ಅವನು “ಏನು?” ಅಂತ ಕೇಳಬೇಕಾಯಿತು. ಅವಳು ಬಕೆಟ್ ಮುಚ್ಚಳವನ್ನು ಎದೆಗೆ ಅವುಚಿಕೊಂಡು ಕೊಳವೆಯ ಪಕ್ಕದಲ್ಲೇ ನಿಂತಿದ್ದಳು.