ಮುಳ್ಳುಬೇಲಿಯೊಳಗಿನ ಲಿನ್ಸುರಾ

“ಚೀಲ ಬಿಚ್ಚು, ಸ್ಟಾನಾ!”

ಕುರಿಗಳೆಲ್ಲ ತಲೆಯೆತ್ತಿ ನೋಡಿದವು. ಸ್ಟಾನಾ ಮಾತ್ರ ಕದಲಲಿಲ್ಲ.

ಎದುರಿಗಿದ್ದವನು ತಾಡಿಯಾ. ಮೂರು ವಾರದ ಹಿಂದಷ್ಟೇ ಸಿನ್ಯಾಯೆವಿನಾ ಬೆಟ್ಟಕ್ಕೆ ಬಂದ ಸರ್ಕಾರಿ ಕಾವಲುಗಾರ. ದಿನವೂ ಅವಳ ಗುಡಿಸಲ ಬಾಗಿಲಲ್ಲಿ ಹಾಲು ಕುಡಿದು, ನಕ್ಕು ಹೋಗುತ್ತಿದ್ದವನು... ಇಂದು ಕಳ್ಳಿಯನ್ನು ನೋಡುವಂತೆ ನೋಡುತ್ತಿದ್ದ!

“ಕೈಯಿಲ್ವಾ ನಿಂಗೆ? ನೀನೇ ಬಿಚ್ಚು.”

ಬಿಚ್ಚಿದ. ಒಳಗೆ ಎಲೆಸಹಿತ ದಪ್ಪ ಬೇರುಗಳು.

“ಲಿನ್ಸುರಾ! ಅಳಿದುಹೋಗ್ತಿರೋ ಗಿಡ, ಕೀಳಬಾರದು ಅಂತ ಕಾನೂನೇ ಇದೆ. ರಕಿಯಾ ಸಾರಾಯಿ ಕಾಯಿಸೋರಿಗೆ ಮಾರೋಕಾ? ವರದಿ ಬರೀತೀನಿ. ನಿಮ್ಮ ಕುರಿಗಳಿಗೆ ಇನ್ನು ಈ ಬೆಟ್ಟದ ಹುಲ್ಲಿಲ್ಲ!”

ಅಜ್ಜಿ ಹುಡುಗಿಯಾಗಿದ್ದಾಗಿನಿಂದ ಕುರಿ ಮೇಯಿಸಿದ ಬೆಟ್ಟ! ಒಂದು ಮಾತು ಹೇಳಿದ್ದರೆ ಸಾಕಿತ್ತು. ಆದರೆ... ‘ಕೇಳದೆ ಕಳ್ಳಿ ಅಂದವನ ಮುಂದೆ ನಾನೇಕೆ ಬೇಡಲಿ?’

“ಬರ್ಕೋ ಹೋಗು,” ಅಂದಳು.

ಬರೆದ. ಲಿನ್ಸುರಾ ಬೇರು ಕಹಿಯೆಂದು ಯಾರೋ ಹೇಳಿದ್ದು ನೆನಪಾಗಿ, ರುಚಿ ನೋಡಲು ಒಂದು ತುಂಡು ಮುರಿದು ಬಾಯಿಗೊಯ್ದ.

ಫಟಾರ್! ಅವಳ ಏಟಿಗೆ ಬೇರು ಹುಲ್ಲಿಗೆ ಹಾರಿತು.

“ಸಾಕ್ಷಿ ಎಸೀತೀಯಾ?”

“ಸಾಯ್ತೀಯೋ ದಡ್ಡ! ಅದು ಚೆಮೆರಿಕಾ, ವಿಷ! ಕುರಿ ಹೇನಿಗೆ ಕುದಿಸಿ ಹಚ್ಚೋದು. ಬೆಟ್ಟದ ತುಂಬಾ ಬಿದ್ದಿದೆ, ಕೇಳೋರೇ ಇಲ್ಲ!” ಅವಳು ಹುಲ್ಲಿಗೆ ಬಿದ್ದ ತುಂಡನ್ನು ತುಳಿದು ಹಾಕಿದಳು. ದೇವರೇ, ಇನ್ನೊಂದು ಗಳಿಗೆ ತಡವಾಗಿದ್ದರೆ...

ತೋಳು ಹಿಡಿದು ಬಂಡೆಗಳ ಹಿಂದಕ್ಕೆ ಎಳೆದೊಯ್ದಳು. ಅಲ್ಲಿ ಮುಳ್ಳುಬೇಲಿಯೊಳಗೆ ಹನ್ನೆರಡು ಗಿಡ.

“ನೋಡು, ಇದು ಲಿನ್ಸುರಾ. ಎಲೆ ಎದುರುಬದುರು, ಜೋಡಿ ಜೋಡಿ. ಚೆಮೆರಿಕಾದ್ದು ಒಂದರ ಮೇಲೊಂದು, ಒಂಟಿ. ಹೂ ಬಿಟ್ರೆ ಇದು ಹಳದಿ, ಅದು ಬಿಳಿಚು. ಹೂವಿಲ್ಲದಾಗ ನಿನ್ನಂಥೋರು ಮೋಸ ಹೋಗ್ತಾರೆ. ಅಗೆಯೋಕೆ ಬಂದೋರನ್ನ ಕಲ್ಲು ಹೊಡೆದು ಓಡ್ಸಿದ್ದು ನಾನು... ನಿನ್ನ ಕಾನೂನಲ್ಲ!”

ತಾಡಿಯಾನ ಮುಖ ಕೆಂಪೇರಿತು. ವರದಿ ಹರಿಯಲು ಹೋದ.

“ಹರೀಬೇಡ! ತಪ್ಪು ನಂದು ಅಂತ ಅದರ ಕೆಳಗೇ ಬರಿ. ಭಾನುವಾರ ಎಲ್ಲರ ಮುಂದೆ ಓದು.”

ಓದಿದ. ಪ್ರಾರ್ಥನೆ ಮುಗಿಸಿ ಬಂದ ಕುರುಬರೆಲ್ಲ, “ಚೆಮೆರಿಕಾ ತಿನ್ನೋ ಕಾವಲುಗಾರ!” ಎಂದು ಹೊಟ್ಟೆ ಹಿಡಿದು ನಕ್ಕರು. ಆದರೂ ಅವನು ಕೊನೆಯ ಸಾಲಿನವರೆಗೆ ದನಿ ತಗ್ಗಿಸಲಿಲ್ಲ. ಸ್ಟಾನಾಳ ಕಣ್ಣು ತುಂಬಿತು.

ಜನ ಚದುರಿದ ಮೇಲೆ ಅವನು ಹತ್ತಿರ ಬಂದ.

“ನೀನಂದ್ರೆ ನಂಗೆ ಪ್ರಾಣ, ಸ್ಟಾನಾ. ನೀನೇ ಹೀಗೆ ಮಾಡಿದ್ಯಲ್ಲ ಅಂತ ಅವತ್ತು ಅಷ್ಟು ಕೋಪ ಬಂತು. ಲಿನ್ಸುರಾ ಹೂ ಬಿಡೋಕೆ ಹತ್ತು ವರ್ಷ ಬೇಕಂತೆ... ನೀನು ಕ್ಷಮಿಸೋಕೆ ಅಷ್ಟು ವರ್ಷ ಬೇಕಾದ್ರೂ ಕಾಯ್ತೀನಿ.”

“ನೀನು ಕಾಯ್ತೀಯ. ನಾನೂ ಕಾಯ್ಬೇಕಲ್ಲ!” ಅವಳು ಅವನ ಬೆರಳುಗಳನ್ನು ಬಿಗಿಯಾಗಿ ಹಿಡಿದಳು. “ನಡಿ, ಅಜ್ಜಿ ಹತ್ರ ಇವತ್ತೇ ಹೆಣ್ಣು ಕೇಳು.”

“ಇವತ್ತೇನಾ?!”

“ಹೂಂ. ಗಟ್ಟಿಯಾಗಿ ಕೇಳು... ಅವಳಿಗೆ ಕಿವಿ ಮಂದ.”