ಮೇಲಿನ ಚಿಲಕ

ನಂಬುವುದು ಬಿಡುವುದು ನಿಮಗೆ ಸೇರಿದ್ದು. ನಾನು ಹೊಲಿಗೆಯವಳು. ವಯಸ್ಸಾದಂತೆ ಅಮ್ಮ ಕುಗ್ಗುತ್ತ ಹೋದಳು. ನೈಟಿ ನೆಲ ಗುಡಿಸತೊಡಗಿದಾಗಲೆಲ್ಲ ನಾನು ಅಂಚನ್ನು ಮಡಚಿ ಹೊಲಿಯುತ್ತಿದ್ದೆ.

"ಕತ್ತರಿಸಿ ಬಿಸಾಕೇ, ನಾನೇನು ಇನ್ನೂ ಬೆಳೀತೀನಾ?" ಎಂದು ನಗುತ್ತಿದ್ದಳು.

ಮನಸ್ಸು ಬರಲಿಲ್ಲ. ಬಟ್ಟೆ ಒಳಗಿದ್ದರೆ ಮುಂದೆ ಬಿಚ್ಚಿಕೊಳ್ಳಬಹುದು, ಅದು ನಮ್ಮ ಕಸುಬಿನ ಚಾಳಿ.

ಒಂದು ಸಂಜೆ ನೈಟಿಯನ್ನು ತಂತಿಯಿಂದ ತೆಗೆದಾಗ ಬಟ್ಟೆಯೆಲ್ಲ ತಣ್ಣಗಿತ್ತು, ಒಳಮಡಿಕೆ ಮಾತ್ರ ಜ್ವರ ಬಂದ ಹಣೆಯ ಹಾಗೆ ಸುಡುತ್ತಿತ್ತು. ಮುಂದಿನ ಸಲವೂ ಹಾಗೇ.

ಮಂಚದ ಮೇಲೆ ಕೂತ ಅಮ್ಮನ ಕಾಲು ನೆಲಕ್ಕೆ ಎಟುಕದಾದಾಗ ನನಗೆ ತಲೆ ಕೆಟ್ಟಿತು. ಅಂಚಿನ ಹೊಲಿಗೆಯನ್ನೆಲ್ಲ ಬಿಚ್ಚಿದೆ. "ನಿನ್ನ ಎತ್ತರ ವಾಪಸ್ ತಗೋ ಅಮ್ಮಾ, ನಿನ್ನ ಕಾಲಿಗೆ ಬೀಳ್ತೀನಿ" ಎಂದು ತೊಡಿಸಹೋದೆ. ಅವಳು ಮುಖ ತಿರುಗಿಸಿದಳು. ನೈಟಿಯನ್ನು ಗೂಟಕ್ಕೆ ನೇತುಹಾಕಿ ಅಂಗಡಿಗೆ ಹೋದೆ.

ಮಧ್ಯಾಹ್ನ ಊಟಕ್ಕೆ ಬಂದರೆ ಬಾಗಿಲು ಒಳಗಿನಿಂದ ಹಾಕಿತ್ತು. ತಳ್ಳಿದೆ. ಕೆಳಗೆ ಅಲುಗಿತು, ಮೇಲೆ ಅಲುಗಲಿಲ್ಲ. ಮೇಲಿನ ಚಿಲಕ ಅಮ್ಮನ ಕೈಗೆ ಸಿಗದೆ ಎಷ್ಟೋ ವರ್ಷಗಳಾಗಿದ್ದವು.

"ಅಮ್ಮಾ, ಬಾಗಿಲು ತೆಗಿ!"

ಒಳಗೆ ಬರಿಗಾಲಿನ ದೊಡ್ಡ ದೊಡ್ಡ ಹೆಜ್ಜೆಗಳು ಗೋಡೆಯಿಂದ ಗೋಡೆಗೆ ನಡೆಯುತ್ತಿದ್ದವು.

"ನಂಗೆಲ್ಲಿ ಎಟುಕತ್ತೆ ಮಗಳೇ," ಮಂಚದ ಕಡೆಯಿಂದ ಅಮ್ಮನ ಅಳು ಕೇಳಿಸಿತು. "ನೀನೇ ತಾನೇ ಹಾಕಿದ್ದು? ಆಗ್ಲಿಂದ ಇಲ್ಲೇ ಓಡಾಡ್ತಿದೀಯ, ಒಂದು ಮಾತಾಡ್ಬಾರ್ದಾ?"

ಪಕ್ಕದ ಮನೆಯ ಬಡಗಿ ಬಾಗಿಲು ಒಡೆದ. ಒಳಗೆ ಅಮ್ಮ ಒಬ್ಬಳೇ ಇದ್ದಳು, ಅವಳ ಕಾಲು ಮಂಚದಿಂದ ಜೋತಾಡುತ್ತಿತ್ತು. ನೈಟಿ ಗೂಟದಲ್ಲೇ ಇತ್ತು. ಮುಟ್ಟಿದೆ. ಕತ್ತಿನಿಂದ ಅಂಚಿನವರೆಗೂ ಬಿಸಿ. ಕಂಕುಳಲ್ಲಿ ಬೆವರು ಇನ್ನೂ ಆರಿರಲಿಲ್ಲ.