ಬಾಲವಿಲ್ಲದ ಅಂಕಪತ್ರ

2004ರ ಜೂನ್ 14, ಸೋಮವಾರ, ಬೆಳಿಗ್ಗೆ 10.20. ಸಾಫ್ಟ್‌ವೇರ್ ಕಂಪನಿಯೊಂದರ ಅಧಿಕಾರಿ ಅಮೋಲ್ ಬೇಗಂಪೇಟೆ ಠಾಣೆಗೆ ದೂರು ತಂದ. ಜೊತೆಗೆ ಕೆಲಸದ ಅಭ್ಯರ್ಥಿ ಗುರುದೇವಿ. ಅವಳ ಹೆಸರಿನಲ್ಲಿ ಒಂದೇ ಕಾಲೇಜಿನಿಂದ ಎರಡು ಅಂಕಪತ್ರ: ಅಂಚೆಯಲ್ಲಿ ಬಂದದ್ದರಲ್ಲಿ ಶೇಕಡಾ 59.960000000000001, ಅವಳೇ ತಂದುಕೊಟ್ಟದ್ದರಲ್ಲಿ 60. ಕೆಲಸಕ್ಕೆ ಅರವತ್ತು ಬೇಕೇ ಬೇಕು.

"ಇದನ್ನ ಯಾರು ಕೊಟ್ಟರು?" ಇನ್‌ಸ್ಪೆಕ್ಟರ್ ಜನಾರ್ದನ ಕೇಳಿದರು.

"ಕಾಲೇಜಿನವ್ರು."

"ಹೆಸರು?"

"ಹೆಸರು ಹೇಳಂಗಿಲ್ರಿ," ಎಂದಳು ಗುರುದೇವಿ. ಬೆಂಚಿನಿಂದ ಏಳುವಳು, ಕೂರುವಳು. ಎಫ್‌ಐಆರ್ ಆಯಿತು. ಬೇರೆ ಯಾರೂ ಸಿಗದಿದ್ದರೆ ಸಂಜೆಯೊಳಗೆ ಆರೋಪಿ ಅವಳೇ.

"ಈ ಸೊನ್ನಿ ಬಾಲ ಇರೋದ ಖೋಟಾ ಇರಬೇಕ್ರಿ," ಎಂದಳು ಕಾನ್‌ಸ್ಟೇಬಲ್ ದಾನೇಶ್ವರಿ. "ಯಾವ ಕಾಲೇಜ್ ಹಿಂಗ ಬರೀತೈತ್ರಿ?"

ಜನಾರ್ದನ ಹೋಗಿ ನೋಡಿದರೆ ಮೆಹದಿಪಟ್ಟಣಂನ ಆ ಕಾಲೇಜು ಹಾಗೆಯೇ ಬರೆಯುತ್ತಿತ್ತು. ಕಡತದ ಇನ್ನೂರ ಹನ್ನೆರಡು ಪ್ರತಿಗಳಿಗೂ ಬಾಲ! ಎಕ್ಸೆಲ್ ಪರದೆಯಲ್ಲಿ ಗುರುದೇವಿಯ ಸಾಲು 60 ಎಂದೇ ತೋರಿಸುತ್ತಿತ್ತು; ಒಳಗಿದ್ದದ್ದು 59.96. ಪಟ್ಟಿಯ ಅಂಕಿಗಳನ್ನು ತಾನಾಗಿ ಪತ್ರಕ್ಕೆ ತುಂಬುವ ಮೇಲ್ ಮರ್ಜ್‌ನಲ್ಲಿ ಇಳಿಯುವಾಗ ಅದು ಬಾಲ ಹಚ್ಚಿಕೊಳ್ಳುತ್ತಿತ್ತು. ಕಂಪ್ಯೂಟರ್ ಹೇಳಿದ್ದೇ ವೇದವಾಕ್ಯವೆಂದು ಪ್ರಾಂಶುಪಾಲರು ಕಣ್ಣು ಮುಚ್ಚಿ ಸಹಿ ಹಾಕಿದ್ದರು. ಸಹಿ ಮಾಡಿಟ್ಟ ಖಾಲಿ ಹಾಳೆಗಳೂ ಕಪಾಟಿನಲ್ಲಿ ಸಿಕ್ಕವು. ಹಾಗಾದರೆ ಅರವತ್ತರ ಪತ್ರವೇ ಖೋಟಾ. ಇಲ್ಲಿ ಬಾಲ ಕತ್ತರಿಸಬಲ್ಲವರು ಯಾರು?

3.15ಕ್ಕೆ ಪಂಚರ ಎದುರು ಗುಮಾಸ್ತ ಬಸವರಾಜ, ಟೈಪಿಸ್ಟ್ ಶೋಭಾ ಇಬ್ಬರಿಗೂ ಬೇರೊಬ್ಬ ವಿದ್ಯಾರ್ಥಿಯ ಪತ್ರ ಮುದ್ರಿಸಲು ಹೇಳಿದರು. ಬಸವರಾಜನದು 71.540000000000006. ಶೋಭಾ ಒಂದು ಗಳಿಗೆ ತಡೆದಳು. ಆಮೇಲೆ ಬೆರಳು ಮಾತು ಕೇಳಲಿಲ್ಲ. ಅಂಕಿ ಬೀಳುವ ಜಾಗದೊಳಗೆ ಬಾಲ ಕತ್ತರಿಸುವ ನಾಲ್ಕಾರು ಚಿಹ್ನೆ ಸೇರಿಸಿದಳು. ಅಚ್ಚುಕಟ್ಟಾಗಿ ಬಂತು: 71.54. ಹುಟ್ಟುಗುಣ ಸುಟ್ಟರೂ ಹೋಗದು. ಪಂಚನಾಮೆಗೆ ಎರಡೂ ಹಾಳೆ ಸೇರಿದವು.

"ಗುರುದೇವಿ ಮುಂಜಾನಿಂದ ಠಾಣ್ಯಾಗ ಕುಂತಾಳ," ಎಂದರು ಜನಾರ್ದನ.

"ಅಕೀನ್ನ ಬಿಡ್ರಿ ಸಾಹೇಬ್ರ," ಎಂದಳು ಶೋಭಾ. "ತಪ್ಪ ತಿದ್ದಿದ ಪತ್ರ ಅಂತ ಅಕಿಗೆ ಹೇಳಿ ನಾನ ಕೊಟ್ಟೀನಿ. ಹೆಸರ ಹೇಳಬ್ಯಾಡ ಅಂದಿದ್ದೆ."

"ಅಕಿ ನಿನಗೇನಾಗಬೇಕ?"

"ಏನೂ ಇಲ್ರಿ. ಕಾಚಿಗೂಡದಾಗ ಬಾಜೂ ಮನಿ. ಪರದೇ ಮ್ಯಾಲ ಅರವತ್ತ ಇತ್ರಿ. ಕಂಡದ್ದ ಬರದೀನ್ರಿ."

5.10ಕ್ಕೆ ಶೋಭಾಳ ಬಂಧನ. ಗುರುದೇವಿಯನ್ನು ಮನೆಗೆ ಕಳಿಸಿದರು, ಕೆಲಸವಂತೂ ಹೋಯಿತು. ಜಪ್ತಿಯಾದ ಕಂಪ್ಯೂಟರಿನ ಹಳೆಯ ಪಟ್ಟಿಯಲ್ಲಿ ದಾನೇಶ್ವರಿಗೆ ಇನ್ನೊಂದು ಸಾಲು ಕಂಡಿತು: ಶೋಭಾ, 59.98. ಎರಡು ವರ್ಷದ ಹಿಂದೆ ಅಮೋಲ್‌ನ ಕಂಪನಿಯೇ ಅವಳನ್ನೂ ವಾಪಸು ಕಳಿಸಿತ್ತು. ಜನಾರ್ದನ ಶೋಭಾಳನ್ನು ಮತ್ತೆ ಕರೆಸಿದರು.

"ನಿನಗ ಯಾಕ ಮಾಡ್ಕೊಳ್ಳಲಿಲ್ಲ?"

"ಆಗ ನನಗ ಬಾಲ ಕತ್ತರಸಾಕ ಬರತಿರಲಿಲ್ರಿ."

ಅದನ್ನೂ ಅವರು ಹೇಳಿಕೆಯಲ್ಲಿ ಬರೆದುಕೊಂಡರು.